ನೀರಿನ ಲಾರಿಯ ಬಸವಂತಪ್ಪ

ನಲ್ಲಿ ಬತ್ತಿದ ನಮ್ಮ ವಿಕ್ರೋಳಿ ಚಾಳಿಗೆ ಫಿಟ್ಟರ್ ಬಸವಂತಪ್ಪ, ಯುದ್ಧ ಮುಗಿದು ಗುಜರಿಗೆ ಬಿದ್ದಿದ್ದ ಮಿಲಿಟರಿ ನೀರಿನ ಲಾರಿಯೊಂದನ್ನು ತಂದು ಹೊಸ ಸೊಸೆಯಂತೆ ಮನೆ ತುಂಬಿಸಿಕೊಂಡ. ಇಂಜಿನ್ ಕೆಮ್ಮಿದರೆ "ಶುಂಠಿ ಕಷಾಯ ಕೊಡ್ಲೇನವ್ವಾ?" ಎಂದು ಕೇಳುತ್ತಾನೆ. ಟ್ಯಾಂಕಿನೊಳಗೆ ತಲೆಕೆಳಗಾಗಿ ಇಳಿದು, ಮನೆಯ ಹಂಡೆಯ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಾನೆ. ಹೊರಗೆ ಬರೀ ಎರಡು ಕಾಲು ಕಂಡು ಹೆಂಗಸರು ಹೌಹಾರುತ್ತಾರೆ. "ಸಾಕು ಮಾಡ್ರಿ, ಸವೆದು ಜರಡಿ ಆದೀತು!" ಎಂದು ಹೆಂಡತಿ ಚಂದ್ರವ್ವ ಗದರಿದರೂ ಬಿಡುವುದಿಲ್ಲ. ಅಂತೂ ನೀರು ತುಂಬಿದ ದಿನ ನಾವೆಲ್ಲ ಕೊಡ ಹಿಡಿದು ಓಡಿದರೆ, ಅವನೇ ಅಡ್ಡ ನಿಂತ. "ಯುದ್ಧದಾಗ ಇದರೊಳಗ ಏನು ವಿಷ ತುಂಬಿದ್ರೋ, ಯಾರಿಗೆ ಗೊತ್ತು? ಎಷ್ಟು ತಿಕ್ಕಿದ್ರೂ ನನಗ ಧೈರ್ಯ ಬರವಲ್ದು. ಮೊದಲು ನಾ ಕುಡೀತೀನಿ. ಸಂಜೀತನಕ ಬದುಕಿದ್ರ ನೀವು ಹಿಡೀರಿ." ಅವನು ತಂಬಿಗೆ ಎತ್ತುವಷ್ಟರಲ್ಲಿ ಚಂದ್ರವ್ವ ಕಸಿದುಕೊಂಡು ಗಟಗಟ ಕುಡಿದೇಬಿಟ್ಟಳು! "ನೀವು ಹೋದ್ರ ಈ ಲಾರಿ ಯಾರು ನೋಡ್ತಾರ್ರೀ?" ಎಂದಳು. ಬಸವಂತಪ್ಪ ಲಾರಿಗೆ ಬೆನ್ನು ಹಾಕಿ, ಅವಳ ಕೈ ಹಿಡಿದು ಕೂತೇ ಇದ್ದ. ಹೊತ್ತು ಮುಳುಗಿದಾಗ ಚಂದ್ರವ್ವ, "ಕೈ ಬಿಡ್ರೀ, ಮಂದಿ ನೋಡಾಕತ್ತಾರ" ಎನ್ನುತ್ತ ಎದ್ದು ಮೊದಲ ಕೊಡ ಹಿಡಿದಳು.