ಬಲಗೈಯ ಉಗುರುಗಳು

ಶೀಲಾಗೆ ಉಗುರು ಹಾಕುವ ಕೆಲಸ ಚೆನ್ನಾಗಿ ಬರುತ್ತಿತ್ತು, ಗಿರಾಕಿಗೆ ಎದುರಾಡುವುದೊಂದು ಬರುತ್ತಿರಲಿಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಪುಟ್ಟ ಅಂಗಡಿ ಹಿಡಿದು, ದಿನಾ ಭದ್ರಾವತಿಯಿಂದ ಬಸ್ಸಲ್ಲಿ ಬಂದು ಬಾಗಿಲು ತೆಗೆಯುತ್ತಿದ್ದಳು. ಅಪ್ಪ ಧರ್ಮಪ್ಪ ಕಾರ್ಖಾನೆಯಲ್ಲಿ ಕಬ್ಬಿಣ ಕಾಯಿಸಿ ರಿಟೈರಾದ ಮನುಷ್ಯ. ಮಗಳು ಅಕ್ರಿಲಿಕ್ ಪುಡಿ ಕಲಸಿ, ಇರುವ ಉಗುರಿನ ಮೇಲೆ ಇನ್ನೊಂದು ಉಗುರು ಕೂರಿಸಿ ಬದುಕುತ್ತಾಳೆ ಅನ್ನೋದು ಅವನಿಗೆ ಇನ್ನೂ ಪೂರ್ತಿ ನಂಬಿಕೆಯಾಗಿಲ್ಲ. "ಇರೋ ಉಗುರಿಗೆ ಏನು ಬಂದಿದೆಯಂತೆ ಅವರಿಗೆ?" ಅಂತ ಕೇಳುತ್ತಾನೆ.

ಬರಬಾರದ್ದೆಲ್ಲ ಬಂದಿದ್ದು ಪ್ರಿಯಂವದಾ ಮೇಡಮ್ಮಿನ ಉಗುರಿಗೆ. ಸಂಸ್ಕೃತ ವಿದ್ವಾಂಸ ಶಂಕರನಾರಾಯಣರ ಹೆಂಡತಿ, ಐವತ್ತು ದಾಟಿದವರು, ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಹೆಂಗಸರು ಅಲಂಕಾರ ಮಾಡಿಕೊಂಡರೆ ಶಾಸ್ತ್ರಕ್ಕೇನೂ ಅಡ್ಡಿಯಿಲ್ಲ ಅಂತ ಯಜಮಾನರೇ ಗ್ರಂಥ ತಿರುವಿ ಒಪ್ಪಿಗೆ ಕೊಟ್ಟಿದ್ದರಂತೆ. ಹಾಕಿಸಿಕೊಂಡು ಹೋದರೆ ಸರಿ, ಹದಿನೈದು ದಿನದೊಳಗೆ ಕಾರು ಬಂದು ನಿಂತಿತು ಅಂತಲೇ ಲೆಕ್ಕ. ಮೇಡಮ್ಮು ಬಲಗೈ ಮೇಜಿನ ಮೇಲೆ ಚಾಚುವರು: "ನೋಡು ಮಾರಾಯ್ತಿ, ಮತ್ತೆ ಎದ್ದಿದೆ. ಇದೇನು ಉಗುರೋ, ಹಳೇ ಗೋಡೆ ಸುಣ್ಣವೋ?"

ಬಲಗೈಯದು ಅಷ್ಟೂ ಬುಡದಲ್ಲಿ ಬಿಟ್ಟಿರುತ್ತಿತ್ತು. ಎಡಗೈಯದು ಒಂದೂ ಅಲ್ಲಾಡಿರುತ್ತಿರಲಿಲ್ಲ. "ಪಾತ್ರೆ ಗೀತ್ರೆ ತೊಳೀತೀರಾ ಮೇಡಮ್?" ಅಂತ ಶೀಲಾ ಒಮ್ಮೆ ಕೇಳಿ ಬೈಸಿಕೊಂಡಳು. "ಅಡಿಗೆಗೆ ಭಟ್ಟರಿದಾರೆ, ಪಾತ್ರೆಗೆ ದ್ಯಾಮಮ್ಮ ಇದಾಳೆ. ನಾನು ನೀರು ಮುಟ್ಟೋದು ಕುಡಿಯೋಕೆ ಮಾತ್ರ" ಅಂದರು ಮೇಡಮ್ಮು.

ಎದ್ದ ಉಗುರನ್ನು ದುಡ್ಡಿಲ್ಲದೆ ಮತ್ತೆ ಹಾಕಿಕೊಡುತ್ತೇನೆ ಅಂತ ಬೋರ್ಡಿನಲ್ಲಿ ಬರೆಸಿದ ತಪ್ಪಿಗೆ ಶೀಲಾ ಹಾಕುತ್ತಲೇ ಹೋದಳು. ಪುಡಿ ಬದಲಾಯಿಸಿದಳು, ಕುಂಚ ಬದಲಾಯಿಸಿದಳು, ಕೊನೆಗೆ ದೇವರನ್ನೂ ಬದಲಾಯಿಸಿ ಹರಕೆ ಹೊತ್ತಳು. ಅವಳ ತಾಯಿ ಹಾಲಮ್ಮನದು, ಮೇಡಮ್ಮು ಮೊದಲ ಸಲ ಬಂದಾಗಿನಿಂದಲೂ, ಬೇರೆಯೇ ಉಪಾಯ. ಸಿಟ್ಟಿನವರನ್ನು ಖಾಲಿ ಹೊಟ್ಟೆಯಲ್ಲಿ ಕೂರಿಸಬಾರದು ಅಂತ ಅವಳ ನಂಬಿಕೆ. ಮೇಡಮ್ಮು ಬರುವ ದಿನ ತಪ್ಪದೆ ಮಗಳ ಜೊತೆ ಬಸ್ಸು ಹತ್ತುವಳು. ತೊಡೆಯ ಮೇಲೆ ಸ್ಟೀಲ್ ಡಬ್ಬಿ, ಅದರಲ್ಲಿ ಈರುಳ್ಳಿ ಹೆಚ್ಚಿ ಹಾಕಿದ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮೇಡಮ್ಮಿನ ಗಲಾಟೆ ಹೆಚ್ಚಾದಷ್ಟೂ ಬಜ್ಜಿಯೂ ಹೆಚ್ಚಾಯಿತು.

ಈ ಸಲ ಮಾತ್ರ ಮೇಡಮ್ಮು ಕಡ್ಡಿ ಮುರಿದ ಹಾಗೆ ಹೇಳಿದರು. "ನಮ್ಮಣ್ಣನ ಮಗಳು ದೀಪಶ್ರೀ ಮದುವೆ. ಹುಡುಗೀರಿಗೆಲ್ಲ ಉಗುರು ಹಾಕಿಸ್ಬೇಕು, ಎರಡೂ ಕಡೆಯವರಿಗೆ. ಇದೂ ಎದ್ರೆ ಆ ಕೆಲಸ ನಿನಗಿಲ್ಲ."

ಮದುವೆ ಸೀಸನ್ನಿನಲ್ಲಿ ಇಂಥದೊಂದು ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತದೆ. ಇಲ್ಲವೆಂದರೆ ಭದ್ರಾವತಿಯ ಹಳೇ ಪಾರ್ಲರಿನಲ್ಲಿ ಮತ್ತೆ ಯಾರದೋ ಕೈಕೆಳಗೆ ಹುಬ್ಬು ತೀಡುತ್ತ ನಿಲ್ಲುವುದೇ ಗತಿ.

ಎರಡೂ ಕೈಯ ಉಗುರು ಉಜ್ಜಿ, ಜಿಡ್ಡು ತೆಗೆದು, ಉಸಿರು ಬಿಗಿಹಿಡಿದು ಎಡಗೈ ಮುಗಿಸಿದಳು. ಕುತ್ತಿಗೆ ನೋವೆಂದು ತಲೆ ಎತ್ತಿದರೆ, ಮೇಡಮ್ಮಿನ ಬಲಗೈ ಮಂಡಕ್ಕಿ ತಟ್ಟೆಯಲ್ಲಿ ಗೆಣ್ಣಿನವರೆಗೆ ಇಳಿದಿತ್ತು. ಹಾಲಮ್ಮ ಪಕ್ಕದಲ್ಲೇ ಸೆರಗು ಹಿಡಿದು, ತಿಂದಾದ ಮೇಲೆ ಬೆರಳು ಒರೆಸಿಕೊಡಲು ತಯಾರಾಗಿ ನಿಂತಿದ್ದಳು. ಪ್ರತಿ ಸಲವೂ ಇದೇ ಆಗಿತ್ತು, ಎಡಗೈ ಮೇಲೆ ತಲೆ ಬಗ್ಗಿಸಿ ಕೂತ ಶೀಲಾಗೆ ಕಂಡಿರಲಿಲ್ಲ. ಸ್ವಲ್ಪ ಎಣ್ಣೆ ಪಸೆ ಉಳಿದರೂ ಸಾಕು, ಅಕ್ರಿಲಿಕ್ ನಿಲ್ಲುವುದಿಲ್ಲ. ಇಷ್ಟು ದಿನ ಮೇಡಮ್ಮಿನ ಮನೆಗೆಲಸವನ್ನು ಅನುಮಾನಿಸಿದ್ದಕ್ಕೆ ಶೀಲಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಾಯಿಬಿಟ್ಟು ಹೇಳಿದರೆ ಮದುವೆ ಕೆಲಸ ಹೋಗುತ್ತದೆ. ತೆಪ್ಪಗೆ ಹತ್ತಿ ತೆಗೆದುಕೊಂಡು ಆ ಬೆರಳು ಒರೆಸತೊಡಗಿದಳು.

ಮೇಡಮ್ಮು ಕೈ ಹಿಂದಕ್ಕೆ ಎಳೆದುಕೊಂಡರು. "ಅಷ್ಟೆಲ್ಲ ಉಜ್ಜಬೇಡ."

ಇನ್ನು ಹೇಳದೆ ವಿಧಿಯಿರಲಿಲ್ಲ. "ಎಣ್ಣೆ ಇದೆ ಮೇಡಮ್. ಅದಕ್ಕೇ ಏಳ್ತಿರೋದು. ತಪ್ಪು ನಮ್ದೇ."

"ನಂಗೆ ಅದು ಯಾವಾಗ್ಲೋ ಗೊತ್ತಾಗಿತ್ತು."

"ಮತ್ತೆ ಯಾಕೆ ಅಷ್ಟು ಬೈತಿದ್ರಿ?"

ಮೇಡಮ್ಮು ಗಾಜಿನ ಬಾಗಿಲಾಚೆ ಕಾರಿನಲ್ಲಿ ತೂಕಡಿಸುತ್ತಿದ್ದ ಡ್ರೈವರನ್ನು ಒಮ್ಮೆ ನೋಡಿದರು. "ಬೈದಷ್ಟೂ ನಿಮ್ಮಮ್ಮನ ಬಜ್ಜಿ ಜಾಸ್ತಿಯಾಗತ್ತಲ್ಲ. ಮದುವೆಯಾಗಿ ಬಂದಾಗಿಂದ ಆ ಮನೇಲಿ ಈರುಳ್ಳಿ ಕಂಡಿಲ್ಲ ಕಣೇ. ಬೀದೀಲಿ ನಿಂತು ತಿಂದ್ರೆ ನಾನು ಮನೆ ಸೇರೋಕೆ ಮುಂಚೆ ಸುದ್ದಿ ಸೇರತ್ತೆ. ಇಲ್ಲಾದ್ರೆ ನಿನ್ನ ಉಗುರಿನ ಔಷಧಿ ವಾಸನೇಲಿ ಈರುಳ್ಳಿ ವಾಸನೆ ಮುಚ್ಚಿ ಹೋಗತ್ತೆ. ಉಗುರು ಗಟ್ಟಿಯಾಗಿ ಕೂತುಬಿಟ್ರೆ ಇಲ್ಲಿಗೆ ಬರೋಕೆ ಏನು ನೆಪ ಹೇಳ್ಲಿ ನಾನು?"

ಶೀಲಾಗೆ ಮೈಯೆಲ್ಲ ಉರಿಯಿತು. ಎಷ್ಟು ದಿನದ ನಿದ್ದೆ ಹಾಳಾಗಿತ್ತು ಇವರಿಂದ! ಆದರೆ ಶಾಸ್ತ್ರ ಓದಿದವರ ಮನೆಯ ಈ ಗಟ್ಟಿಗಿತ್ತಿ ಮಂಡಕ್ಕಿ ಕದ್ದು ತಿನ್ನುವುದನ್ನು ನೋಡಿ ಅಯ್ಯೋ ಪಾಪ ಅನ್ನಿಸಿತು. ಹಾಲಮ್ಮನಂತೂ ಕೇಳಿಯೂ ಕೇಳದವಳ ಹಾಗೆ ಇನ್ನೊಂದು ಬಜ್ಜಿ ಬಡಿಸಿದಳು.

"ಮದುವೆ ಕೆಲಸ ನಿಂದೇ," ಅಂದರು ಮೇಡಮ್ಮು, ಬಜ್ಜಿ ಮುರಿಯುತ್ತ. "ಹುಡುಗೀರ ಉಗುರು ಒಂದೂ ಏಳಕೂಡದು. ನನ್ನದು ಮಾತ್ರ ಹದಿನೈದು ದಿನದ ಮೇಲೆ ನಿಲ್ಲಕೂಡದು."

ಶೀಲಾ ಹತ್ತಿಯನ್ನು ಬುಟ್ಟಿಗೆ ಹಾಕಿ, ಅವರು ತಿಂದು ಮುಗಿಸುವವರೆಗೆ ಕಾದು, ಎಣ್ಣೆಗೈಯನ್ನು ಹಾಗೇ ಎಳೆದುಕೊಂಡು ಪುಡಿ ಕಲಸಿದಳು.