ಅಕ್ಕನ ಬೆರಳು

ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಬೀಡಿ ಎಲೆಯ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಮೊದಲು ಬರುವುದು ಅಳುವಲ್ಲ, ಹೊಟ್ಟೆಕಿಚ್ಚು. ಐವತ್ತು ದಾಟಿದವಳು, ಸಣ್ಣ ತಲೆನೋವಿಗೂ ದೊಡ್ಡ ಕಾಯಿಲೆಯನ್ನೇ ಕಲ್ಪಿಸಿಕೊಳ್ಳುವವಳು, ಇನ್ನೂ ಅಕ್ಕನ ಬೆರಳುಗಳ ಮೇಲೆ ಉರಿಯುವುದೆಂದರೆ ನಗೆಗೇಡು. ನಿಮ್ಮ ಮನೆಯಲ್ಲೂ ಅಂಥ ಒಬ್ಬಳು ಅಕ್ಕ ಇದ್ದಿದ್ದರೆ ನಿಮಗೆ ಅರ್ಥವಾದೀತು.

ಅರವತ್ತರ ದಶಕದ ಬಂಟ್ವಾಳ. ನೇತ್ರಾವತಿಗೆ ಇಳಿಯುವ ಓಣಿಯಲ್ಲಿ ನಮ್ಮ ಮುಳಿಹುಲ್ಲಿನ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೀಡಿ ಕಟ್ಟಿ ನಮ್ಮಿಬ್ಬರನ್ನು ಸಾಕುತ್ತಿದ್ದಳು. ಸಂಜೆ ಜಗಲಿಯಲ್ಲಿ ಅಮ್ಮ, ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಗಿರಿಜಕ್ಕ, ಇಬ್ಬರ ಮಡಿಲಲ್ಲೂ ತಂಬಾಕಿನ ಹುಡಿಯ ಮೊರ. ಅಕ್ಕ ಎಲೆ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವುದು ಕಣ್ಣಿಗೆ ಸಿಗುತ್ತಿರಲಿಲ್ಲ. ನಾನು ಸುತ್ತಿದ ಬೀಡಿಗೆ ನಡು ಉಬ್ಬಿ, ತುದಿ ಸೊರಗಿರುತ್ತಿತ್ತು. ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ಅಬ್ಬಾಸ್ ಬ್ಯಾರಿಗಳು ಅದನ್ನು ಎತ್ತಿ ಹಿಡಿದು, "ಇದಕ್ಕೆ ಎಷ್ಟು ತಿಂಗಳು ಮಾರಾಯ್ತಿ?" ಎಂದು ಅಮ್ಮನನ್ನು ಕೇಳಿ ವಾಪಸು ಕೊಡುತ್ತಿದ್ದರು.

ಅಕ್ಕ ಐದನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು. ಆದರೂ ಅಮ್ಮ ಶಾಲೆ ಬಿಡಿಸಿದಳು. ಕೈ ಓಡುವ ಹುಡುಗಿಯನ್ನು ನಮ್ಮ ಓಣಿಯಲ್ಲಿ ಯಾರೂ ಶಾಲೆಗೆ ಪೋಲು ಮಾಡುತ್ತಿರಲಿಲ್ಲ. ನಾನೂ ಐದನೆಯದು ಮುಗಿಸಿ, ಇನ್ನು ಅಮ್ಮನ ಪಕ್ಕ ಜಾಗ ಸಿಕ್ಕೀತೆಂದು ಕಾದೆ. ಅಮ್ಮ ನನ್ನ ಮೊರ ನೋಡಿದಳು.

"ಇವಳ ಕೈಗೆ ಕೊಟ್ಟರೆ ಎಲೆ ದಂಡ. ಶಾಲೆಗಾದರೂ ಹೋಗಲಿ."

ನಾನು ನೆಲದಲ್ಲಿ ಹೊರಳಾಡಿ ಅತ್ತೆ. ಅಕ್ಕ ಕೈ ನಿಲ್ಲಿಸದೆ, "ನೀನು ಇಲ್ಲಿ ಕೂತುಕೊ. ನಾನು ಹೋಗ್ತೇನೆ" ಎಂದಳು. ಅಮ್ಮ ನಕ್ಕಳು. ಅಕ್ಕ ನಗಲಿಲ್ಲ.

ಹೀಗೆ ಕೈಯ ದಡ್ಡತನದಿಂದಲೇ ನಾನು ಟೀಚರಾದೆ. ಮೂಡುಬಿದಿರೆಯಲ್ಲಿ ತಾರಸಿ ಮನೆ, ಮನೆ ತುಂಬ ಚಿಂತೆ. ಅಕ್ಕ ಮದುವೆಯಾಗದೆ, ಕೆಮ್ಮುತ್ತ, ಅಮ್ಮನ ಬಳಿಯೇ ಉಳಿದಳು. ನಾನು ಒಯ್ದ ಸೀರೆಯನ್ನು ಸವರಿ, "ಇದನ್ನು ಉಟ್ಟು ನಾನು ಎಲ್ಲಿಗೆ ಹೋಗುವುದು?" ಎನ್ನುತ್ತಿದ್ದಳು. ಅವಳ ಕಣ್ಣು ನನ್ನ ಹೆಗಲಚೀಲದಿಂದ ಇಣುಕುವ ಪುಸ್ತಕಗಳ ಮೇಲೆ. ನನ್ನ ಕಣ್ಣು ತಾಗಿಕೊಂಡ ಅವರಿಬ್ಬರ ಮೊಣಕಾಲುಗಳ ಮೇಲೆ.

ಆ ಕೆಮ್ಮೇ ಅಕ್ಕನನ್ನು ಕೊಂಡೊಯ್ದಿತು. ಕಣ್ಣು ಮಂಜಾಗಿ ಮರೆವೂ ಹಿಡಿದಿದ್ದ ಅಮ್ಮನನ್ನು ಮೂಡುಬಿದಿರೆಗೆ ಕರೆತಂದೆ. ಕೊನೆಗೂ ಆ ಜಾಗ ನನ್ನದಾಯಿತು ಎಂದುಕೊಂಡೆ. ಒಂದು ಮಧ್ಯಾಹ್ನ ಅವಳು ನನ್ನ ಕೈ ಹಿಡಿದು, ಬೆರಳ ತುದಿಗಳನ್ನು ಒಂದೊಂದಾಗಿ ಉಜ್ಜಿ ನೋಡಿದಳು.

"ಇದು ಗಿರಿಜಳ ಕೈ ಅಲ್ಲ. ಅವಳೆಲ್ಲಿ?"

"ಬ್ರಾಂಚಿಗೆ ಹೋಗಿದ್ದಾಳೆ ಅಮ್ಮ. ಈಗ ಬರ್ತಾಳೆ."

ಅಮ್ಮ ನನ್ನ ಕೈ ಬಿಟ್ಟು ಬಾಗಿಲ ಕಡೆಗೆ ಹೊರಳಿದಳು.