ಪಕ್ಕದವಳ ಸಾಲು

ನಾನು ದೊಡ್ಡ ಕಂಪನಿಯೊಂದರ ಸೀನಿಯರ್ ಸಾಫ್ಟ್‌ವೇರ್ ಇಂಜಿನಿಯರ್. ಆದರೆ ಟೈಪ್ ಮಾಡುವುದು ಇವತ್ತಿಗೂ ಎರಡೇ ಬೆರಳಲ್ಲಿ. ಹತ್ತು ವರ್ಷದವನಾಗುವ ತನಕ ಶಾಲೆ ಕಂಡಿರಲಿಲ್ಲ. ಕಲ್ಲೂರಿನ ಹತ್ತಿ ಹೊಲಗಳಲ್ಲಿ ಅವ್ವನ ಜೊತೆ ಕಳೆ ತೆಗೆಯುತ್ತಿದ್ದೆ. ಈಗ ಮಾನ್ವಿಯ ಮನೆಯಲ್ಲೇ ಕುಳಿತು ಕಂಪನಿಯ ಕೆಲಸ ಮಾಡುತ್ತೇನೆ. ಮೀಟಿಂಗಿನಲ್ಲಿ ನಾನೊಂದು ಉತ್ತರ ಬರೆಯುವಷ್ಟರಲ್ಲಿ ಉಳಿದವರು ಚಹಾ ಕುಡಿದು ಬಂದಿರುತ್ತಾರೆ. ಸೀನಿಯರ್ ಅನ್ನುವುದು ವಯಸ್ಸಿಗೆ ಕೊಟ್ಟ ಮರ್ಯಾದೆ ಇರಬೇಕು.

ನನ್ನ ತಂಡದಲ್ಲಿ ರಾಯಚೂರಿನ ರೇಷ್ಮಾ ಇದ್ದಳು. ನನ್ನ ಪ್ರೋಗ್ರಾಂ ಕೆಟ್ಟು ನಿಂತರೆ ಅವಳದೇ ಫೋನ್: “ಅಣ್ಣಾ, ನೀವು ಊಟ ಮಾಡ್ರಿ, ನಾ ನೋಡ್ತೀನಿ.” ಅವಳು ಸರಿಮಾಡಿ ಕೊಟ್ಟದ್ದನ್ನು ನಾನು ನನ್ನ ಹೆಸರಲ್ಲೇ ಸೇರಿಸುತ್ತಿದ್ದೆ. ನನಗದು ತಪ್ಪು ಅನ್ನಿಸಲಿಲ್ಲ. ಹೊಲದಲ್ಲಿ ಹೆಂಗಸರು ಒಬ್ಬೊಬ್ಬರು ಒಂದೊಂದು ಸಾಲು ಹಿಡಿಯುತ್ತಾರೆ. ಒಬ್ಬಳು ಹಿಂದೆ ಬಿದ್ದರೆ ಪಕ್ಕದವಳು ಅವಳ ಸಾಲಿನಲ್ಲೂ ನಾಲ್ಕು ಮಾರು ತೆಗೆದು ಸಮ ಮಾಡುತ್ತಾಳೆ. ಬಯ್ಯುತ್ತಲೇ ತೆಗೆಯುತ್ತಾಳೆ: “ಯವ್ವಾ, ಕಳಿ ಕೀಳಾಕ ಬಂದೀಯೋ, ಎಣಸಾಕ ಬಂದೀಯೋ?” ಬದುವಿಗೆ ಎಲ್ಲರೂ ಒಟ್ಟಿಗೇ ಮುಟ್ಟಬೇಕು. ಯಾರು ಎಷ್ಟು ತೆಗೆದರೆಂದು ಹೊಲದವನೂ ಕೇಳುವುದಿಲ್ಲ.

ಕಂಪನಿ ಕೇಳುತ್ತದೆ. ವರ್ಷಕ್ಕೊಮ್ಮೆ ನಾನು ತಂಡದವರ ಹೆಸರನ್ನು ಕೆಲಸದ ಲೆಕ್ಕದಲ್ಲಿ ಮೇಲಿಂದ ಕೆಳಕ್ಕೆ ಬರೆದು ಕೊಡಬೇಕು. ಕೊನೆಯ ಜಾಗದವರ ಕೆಲಸ ಹೋಗುತ್ತದೆ, ಅದನ್ನು ಖಾಲಿ ಬಿಡುವಂತಿಲ್ಲ. ಪರದೆಯ ಮೇಲೆ ರೇಷ್ಮಾಳ ಹೆಸರಿನಲ್ಲಿ ಎಲ್ಲರಿಗಿಂತ ಕಡಿಮೆ ಕೆಲಸವಿತ್ತು. ಯಾಕೆ ಕಡಿಮೆ ಎಂದು ನನಗೆ ಗೊತ್ತಿತ್ತು. ನಿಜ ಹೇಳಿದರೆ ಅವಳ ಬದಲು ಯಾರ ಕುರ್ಚಿ ಹೋಗುತ್ತದೆಂಬುದೂ ಗೊತ್ತಿತ್ತು. ಕೊನೆಯಲ್ಲಿ ಅವಳ ಹೆಸರು ಬರೆದೆ. ಹದಿನೈದು ದಿನದಲ್ಲಿ ಅವಳ ಕೆಲಸ ಹೋಯಿತು.

ಮರುವಾರವೇ ಅವಳು ನೋಡಿಕೊಳ್ಳುತ್ತಿದ್ದ ಪ್ರೋಗ್ರಾಂ ಕೆಟ್ಟಿತು. ಎರಡು ದಿನ ಒದ್ದಾಡಿ, ನಾಚಿಕೆ ಬಿಟ್ಟು ಫೋನ್ ಮಾಡಿದೆ.

“ಹೇಳ್ರಿ ಅಣ್ಣಾ.”

“ರೇಷ್ಮಾ, ಆ ಪಟ್ಟಿಯೊಳಗ ನಿನ್ನ ಹೆಸರು ನಾನ ಬರದಿದ್ದೆ ತಂಗಿ.”

“ಗೊತ್ತದ ರೀ. ಮತ್ಯಾರು ಬರೀಬೇಕು, ಸೀನಿಯರ್ ನೀವ ಅಲ್ರೀ? ಈಗ ಏನ್ ಕೆಟ್ಟದ, ಅದನ್ನ ಹೇಳ್ರಿ.”

ಐದು ನಿಮಿಷದಲ್ಲಿ ತಪ್ಪು ಎಲ್ಲಿದೆ ಎಂದು ತೋರಿಸಿಕೊಟ್ಟಳು. ಬಯ್ಯಲಿಲ್ಲ. ಬೈದಿದ್ದರೆ ಇನ್ನೂ ಪಕ್ಕದ ಸಾಲಿನಲ್ಲೇ ಇದ್ದಾಳೆ ಅಂದುಕೊಳ್ಳುತ್ತಿದ್ದೆ.

ಅದನ್ನೂ ನನ್ನ ಹೆಸರಲ್ಲೇ ಕಳಿಸಿದೆ. ಮಧ್ಯಾಹ್ನದೊಳಗೆ ಮೇಲಿನ ಮೂವರು ಸಾಹೇಬರು ಅದರ ಕೆಳಗೆ ಹೆಬ್ಬೆಟ್ಟಿನ ಚಿತ್ರ ಒತ್ತಿ ಮೆಚ್ಚಿಕೊಂಡಿದ್ದರು. ನಮ್ಮಪ್ಪನಿಗೂ ಹೆಬ್ಬೆಟ್ಟು ಒತ್ತುವುದಷ್ಟೇ ಬರುತ್ತಿತ್ತು. ಆದರೆ ಒತ್ತುವ ಮೊದಲು, ಕಾಗದದಲ್ಲಿ ಇರುವುದು ಖರೇನಾ ಎಂದು ನಾಲ್ಕು ಮಂದಿಯನ್ನು ಕೇಳುತ್ತಿದ್ದ.